ನೂರಿಪ್ಪತ್ತನೆಯ ಬಿಲ್ಲೆ

ಗೋಡೌನ್ ಸುಟ್ಟು ಆರು ದಿನವಾದ ಮೇಲೆ ಕುದ್ರೋಳಿಯ ಯೋಗೀಶನ ಮನೆಗೆ ಮೊದಲ ಒಳ್ಳೆಯ ಸುದ್ದಿ ತಂದವನು ದೀಪೇಶ. ಹಂಪನಕಟ್ಟೆಯಲ್ಲಿ ಒಂದು ಕೋಣೆಯ ಆಫೀಸು ಇಟ್ಟುಕೊಂಡು, ಹಡಗಿನಲ್ಲಿ ಬರುವ ಮಾಲನ್ನು ಕಸ್ಟಮ್ಸಿನಿಂದ ಬಿಡಿಸಿಕೊಡುವ ಏಜೆಂಟ್ ಅವನು. ಚಪ್ಪಲಿ ಕಳಚುವ ಮೊದಲೇ ಮಾತು ಶುರು ಮಾಡಿದ.

“ಯೋಗೀಶಣ್ಣ, ನೀವು ಕಟ್ಟಿದ ಸುಂಕ ವಾಪಸ್ ಬರ್ತದೆ. ಕಾಯ್ದೆಯಲ್ಲೇ ಉಂಟು.”

ಯೋಗೀಶ ಕುರ್ಚಿಯಿಂದ ಎದ್ದ. ಬಂದರಿನಲ್ಲಿ ಅವನಿಗೆ ಬಲೆ, ಹಗ್ಗ ಮಾರುವ ಅಂಗಡಿ. ಇಷ್ಟು ವರ್ಷ ಬೇರೆಯವರಿಂದ ಕೊಂಡು ಮಾರುತ್ತಿದ್ದವನು ಈ ಸಲ ಮೊದಲ ಬಾರಿಗೆ ಧೈರ್ಯ ಮಾಡಿ ಹೊರದೇಶದಿಂದ ತಾನೇ ನೂರಿಪ್ಪತ್ತು ಮೂಟೆ ಬಲೆ ತರಿಸಿದ್ದ. ಬಲೆಯ ಬೆಲೆಗೆ ವಿಮೆ ಇತ್ತು. ಸುಂಕಕ್ಕೆ ಇರಲಿಲ್ಲ. ಸುಂಕ, ತೆರಿಗೆ ಎಲ್ಲ ಸೇರಿ ಒಂಬತ್ತು ಲಕ್ಷ ಎಂಬತ್ತು ಸಾವಿರ. ಆ ಹಣ ಹುಟ್ಟಿದ್ದು ಹೆಂಡತಿ ಮೋಕ್ಷಾಳ ಬಂಗಾರವನ್ನು ಬ್ಯಾಂಕಿನಲ್ಲಿಟ್ಟು.

“ಸುಟ್ಟ ಮಾಲಿಗೆ ಎಂತ ಸುಂಕ ವಾಪಸ್ ಕೊಡುದು ಮಾರಾಯ?” ಎಂದ ಯೋಗೀಶ.

“ಗುರುವಾರ ನೀವು ಸುಂಕ ಕಟ್ಟಿದ್ದು. ಸೋಮವಾರ ಕಸ್ಟಮ್ಸಿನವರು ಗೋಡೌನಿಗೆ ಬಂದು ನೋಡಿ ಮಾಲು ಬಿಡ್ಲಿಕ್ಕಿತ್ತು. ಶನಿವಾರ ಬೆಂಕಿ. ನಮ್ಮ ಕೈಗೆ ಬರುವ ಮೊದಲೇ ಸುಟ್ಟದ್ದಲ್ವಾ? ಹಾಗಾದ್ರೆ ಸುಂಕ ಇಲ್ಲ. ಒಂದೇ ಕೆಲಸ ಉಂಟು. ನೂರಿಪ್ಪತ್ತೂ ಅಲ್ಲೇ ಇತ್ತು, ಅಲ್ಲೇ ಸುಟ್ಟಿತು ಅಂತ ತೋರಿಸ್ಬೇಕು.”

“ಬಲೆ ಕರಗಿ ಕಲ್ಲಾಗಿದೆಯಲ್ಲ. ಲೆಕ್ಕ ಮಾಡುದು ಹೇಗೆ?”

“ಪ್ರತಿ ಮೂಟೆಗೂ ನಂಬರ್ ಹೊಡೆದ ಕಬ್ಬಿಣದ ಬಿಲ್ಲೆ ಕಟ್ಟಿದ್ದಾರೆ. ಅದು ಸುಡುದಿಲ್ಲ. ಬೂದಿ ಜರಡಿ ಹಿಡಿದು ಬಿಲ್ಲೆ ಎಣಿಸ್ತಾರೆ. ನೂರಿಪ್ಪತ್ತು ಸಿಕ್ಕಿದ್ರೆ ನಾವು ಗೆದ್ದ ಹಾಗೆ.”

ಮೋಕ್ಷಾ ಒಳಗಿನಿಂದ ಚಹಾ ತಂದಳು. ಆರು ದಿನದಲ್ಲಿ ಮೊದಲ ಸಲ ಚಹಾಕ್ಕೆ ಸಕ್ಕರೆ ಸರಿಯಾಗಿ ಬಿದ್ದಿತ್ತು. ಒಳಕೋಣೆಯಲ್ಲಿ ಮಲಗಿದ್ದ ಅಜ್ಜ ಬೂಬ, “ಎಂತ? ಹಣ ಸಿಗ್ತದಂತಾ?” ಎಂದು ಕೂಗಿ ಕೇಳಿದರು. ಹಿತ್ತಲ ಬಾಗಿಲಲ್ಲಿ ಬೂತಾಯಿ ಮೀನು ಸರಿಮಾಡುತ್ತಿದ್ದ ಯೋಗೀಶನ ತಾಯಿ ಕುಮುದಿನಿ ಮಾತ್ರ ಏನೂ ಕೇಳಲಿಲ್ಲ. ತೊಳೆದ ಮೀನನ್ನೇ ಇನ್ನೊಮ್ಮೆ ತೊಳೆದಳು.

ದೀಪೇಶ ಹೋದ ಮೇಲೆ ಅವಳು ಅಡಿಗೆಮನೆಗೆ ಬಂದು, ಬಾಗಿಲ ಹಿಂದಿನ ಮೊಳೆಗೆ ತೂಗುತ್ತಿದ್ದ ಒಂದು ಕಬ್ಬಿಣದ ಬಿಲ್ಲೆಯನ್ನು ತೆಗೆದು ಅಕ್ಕಿ ಡಬ್ಬಿಯ ತಳಕ್ಕೆ ತಳ್ಳಿದಳು. ಅದರ ಮೇಲೆ ಅರವತ್ತೊಂದು ಎಂದು ಕೆತ್ತಿತ್ತು.

ಆ ಮನೆಯಲ್ಲಿ ಒಂದು ಕ್ರಮ ಇತ್ತು. ಹೊಸ ಬಲೆ ಬಂದರೆ ಮೊದಲನೆಯದು ಸಂಕ್ರಮಣದ ದಿನ ಬೆಂಗ್ರೆಯ ಬೊಬ್ಬರ್ಯನ ಗುಡಿಯಲ್ಲಿ ದೈವದ ಮುಂದೆ ಕೂರಬೇಕು. ಆಮೇಲೆ ಉಳಿದದ್ದು ನೀರಿಗೋ ಅಂಗಡಿಗೋ. ಬೂಬರು ದೋಣಿಯಲ್ಲಿ ಹೋಗುತ್ತಿದ್ದ ಕಾಲದಿಂದ ಹಾಗೆ. ಈ ಸಲ ಸಂಕ್ರಮಣ ಬಿದ್ದದ್ದು ಶುಕ್ರವಾರ. ಮಾಲು ಬಿಡುವುದು ಸೋಮವಾರ. ಮೂರು ದಿನ ಮುದುಕರು ಗಂಜಿ ಬಟ್ಟಲು ದೂಡಿದರು.

“ಒಂದು ತಿಂಗಳು ಕಾಯ್ಲಿಕ್ಕೆ ಆಗ್ತದಾ ನಿನ್ನ ಮಗನಿಗೆ? ಮಂಗಳವಾರವೇ ಮಾರ್ಲಿಕ್ಕೆ ಕೂರ್ತಾನೆ. ದೈವಕ್ಕೆ ತೋರಿಸದ ಬಲೆ ಈ ಮನೆಯಿಂದ ಹೋದದ್ದುಂಟಾ?”

ಕುಮುದಿನಿಗೆ ಮಾವನ ಕಾಟ ತಡೆಯಲಾಗಲಿಲ್ಲ. ಅದೂ ಅಲ್ಲದೆ ಅವಳಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಮೂವತ್ತು ವರ್ಷ ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಮೀನು ಕೊಂಡು ತಲೆಮೇಲೆ ಹೊತ್ತು ಮಾರಿದವಳು. ದಕ್ಕೆಯಲ್ಲಿ ಏಲಂ ಕೂಗಿ ಹಣ ಕೊಟ್ಟ ಗಳಿಗೆಯಿಂದ ಬುಟ್ಟಿ ನಿಮ್ಮದು. ಎತ್ತಿಕೊಂಡು ಹೋಗಲು ಯಾರ ಅಪ್ಪಣೆಯೂ ಬೇಡ. ಸುಂಕ ಗುರುವಾರವೇ ಕಟ್ಟಿಯಾಗಿತ್ತು. ಹಣ ಕಟ್ಟಿದ ಮೇಲೂ ಮಾಲು ಇನ್ನೊಬ್ಬರದ್ದಾಗಿ ಇರುತ್ತದೆ ಎಂದು ಅವಳಿಗೆ ಹೇಳಿದವರು ಯಾರು?

ಗೋಡೌನಿನ ಹಗಲಿನ ಕಾವಲುಗಾರ ಚನಿಯ ಪಡೀಲಿನವನು. ಅವಳು ಬುಟ್ಟಿ ಹೊತ್ತು ತಿರುಗುತ್ತಿದ್ದ ದಾರಿಯಲ್ಲೇ ಅವನ ಮನೆ. ಒಂದು ವರ್ಷ ಅವನು ಕಾಮಾಲೆ ಬಂದು ಮಲಗಿದ್ದಾಗ ಕುಮುದಿನಿ ದಿನಾ ನಾಲ್ಕು ಮೀನು ಹಾಕಿ ಹೋಗುತ್ತಿದ್ದಳು. ಅವನು ಎದ್ದು ಕೆಲಸಕ್ಕೆ ಸೇರಿದ ಮೇಲೂ ಅವಳು ಹಣ ಮುಟ್ಟಲಿಲ್ಲ. ಮೊಣಕಾಲು ನೋವೆಂದು ವ್ಯಾಪಾರ ಬಿಟ್ಟ ಮೇಲೂ ಆ ಕಡೆ ಹೋದರೆ ಒಂದು ಪೊಟ್ಟಣ ಅವನ ಮನೆಗೆ ಇರುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಅವಳು ರಿಕ್ಷಾ ಮಾಡಿಕೊಂಡು ಗೋಡೌನಿಗೆ ಹೋದಳು.

“ಗೇಟ್ ಪಾಸ್ ಬೇಕಲ್ಲ ಅಕ್ಕ,” ಎಂದಿದ್ದ ಚನಿಯ.

“ಸುಂಕ ಕಟ್ಟಿ ಆಯ್ತು ಮಾರಾಯ. ಪಾಸ್ ಸೋಮವಾರ ಯೋಗೀಶ ತರ್ತಾನೆ. ಒಂದೇ ಮೂಟೆ, ದೈವಕ್ಕೆ.”

ಚನಿಯ ತಲೆ ಕೆರೆದುಕೊಂಡ. ಆಮೇಲೆ ತಾನೇ ಮೂಟೆ ಹೊತ್ತು ತಂದು ರಿಕ್ಷಾದಲ್ಲಿಟ್ಟ. ಗುಡಿಯಲ್ಲಿ ಮೂಟೆಯನ್ನು ದೈವದ ಮುಂದಿಟ್ಟು, ಗುರುತಿಗೆಂದು ಅದರ ಬಿಲ್ಲೆಯನ್ನು ಮಾತ್ರ ಬಿಚ್ಚಿ ಅವಳು ಮನೆಗೆ ತಂದಿದ್ದಳು.

ಬಿಲ್ಲೆ ಎಣಿಸಿದ್ದು ಮುಂದಿನ ವಾರ. ಎರಡು ದಿನ ಜರಡಿ ಹಿಡಿದರು. ಯೋಗೀಶ ಮಸಿ ಮೆತ್ತಿದ ಅಂಗಿಯಲ್ಲಿ ಮನೆಗೆ ಬಂದು ಊಟಕ್ಕೆ ಕೂತ.

“ನೂರಹತ್ತೊಂಬತ್ತು,” ಎಂದ. “ಅರವತ್ತೊಂದು ಇಲ್ಲ.”

“ಒಂದಲ್ವಾ? ಎಲ್ಲಿಯೋ ಅಡಿಯಲ್ಲಿ ಹೋಗಿರ್ಬಹುದು,” ಎಂದಳು ಕುಮುದಿನಿ.

“ಒಂದು ಅಂತ ಹೇಳ್ಬೇಡ ಅಮ್ಮ. ಬೆಂಕಿಯ ಮೊದಲು ಒಂದು ಹೊರಗೆ ಹೋಗಿದ್ರೆ ಉಳಿದದ್ದು ಹೋಗ್ಲಿಲ್ಲ ಅಂತ ಎಂತ ಗ್ಯಾರಂಟಿ, ಅಂತ ಕೇಳ್ತಾರಂತೆ. ಗೋಡೌನಿನ ಯಜಮಾನ ಹೇಳ್ತಾನೆ, ಚನಿಯ ಮಾಲು ಕದ್ದು ಮಾರಿ, ಗೊತ್ತಾಗ್ಬಾರ್ದು ಅಂತ ಬೆಂಕಿ ಕೊಟ್ಟಿದ್ದಾನೆ ಅಂತ. ಇವತ್ತು ಅವನನ್ನು ಠಾಣೆಗೆ ಕರ್ಕೊಂಡು ಹೋದ್ರು.”

“ವಯರ್ ಶಾರ್ಟ್ ಆಗಿ ಬೆಂಕಿ ಬಂದದ್ದಲ್ವಾ?”

“ಅಗ್ನಿಶಾಮಕದವರ ರಿಪೋರ್ಟ್ ಹಾಗೇ ಉಂಟು. ಆದ್ರೂ ಬಿಲ್ಲೆ ಎಲ್ಲಿ ಹೋಯ್ತು?”

ಆಗ ಮೋಕ್ಷಾ ಅಡಿಗೆಮನೆಯಿಂದ ಬಂದಳು. ಒಂದು ಕೈಯಲ್ಲಿ ಅನ್ನದ ಪಾತ್ರೆ. ಇನ್ನೊಂದು ಕೈಯಲ್ಲಿದ್ದುದನ್ನು ಗಂಡನ ಬಟ್ಟಲಿನ ಪಕ್ಕ ಇಟ್ಟಳು. ಬಿಲ್ಲೆಗೆ ಅಕ್ಕಿಯ ಹುಡಿ ಮೆತ್ತಿತ್ತು.

“ಬೆಳಿಗ್ಗೆ ಅಕ್ಕಿ ತೆಗೀಲಿಕ್ಕೆ ಹೋದಾಗ ಅಳೆಯುವ ಕುಡ್ತೆಗೆ ತಾಗಿತು,” ಎಂದಳು. “ಎಂತದೋ ಅಂತ ತೆಗೆದಿಟ್ಟಿದ್ದೆ. ಮಾಮಿ, ಇದು ಇಲ್ಲಿಗೆ ಹೇಗೆ ಬಂತು?”

ಕುಮುದಿನಿ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಯೋಗೀಶನ ಅನ್ನ ತಣ್ಣಗಾಗಿತ್ತು.

“ಕೇಳ್ಲಿಕ್ಕೆ ಬಾಯಿ ಇರ್ಲಿಲ್ವಾ ನಿನಗೆ?” ಅವನು ಕೂಗಿದ. “ಒಂದು ಮಾತು! ಫೋನಿತ್ತು ಕೈಯಲ್ಲಿ!”

“ಕೇಳಿದ್ರೆ ನೀನು ಬೇಡ ಅಂತ ಹೇಳ್ತಿದ್ದಿ.”

“ಹೇಳ್ತಿದ್ದೆ! ಅದಕ್ಕೇ ಕೇಳುದು!”

“ತಾಯಿಗೆ ಜೋರು ಮಾಡ್ಬೇಡ,” ಎಂದು ಬೂಬರು ಒಳಗಿನಿಂದ ಗದರಿದರು. “ನಾನು ಹೇಳಿದ್ದು ತರ್ಲಿಕ್ಕೆ. ದೈವಕ್ಕೆ ಕೊಟ್ಟದ್ದು, ಯಾರ ಮನೆಗೂ ಕನ್ನ ಹಾಕ್ಲಿಲ್ಲ.”

“ಅಜ್ಜ, ನಿಮ್ಮ ದೈವ ಬ್ಯಾಂಕಿಗೆ ಹೋಗಿ ನನ್ನ ಬಳೆ ಬಿಡಿಸಿ ತರ್ತದಾ?” ಎಂದಳು ಮೋಕ್ಷಾ.

ಮನೆಯಲ್ಲಿ ಯಾರೂ ಅಜ್ಜನಿಗೆ ಹಾಗೆ ಎದುರು ಮಾತಾಡಿದವರಿಲ್ಲ. ಮೋಕ್ಷಾ ತಾನೇ ಹೆದರಿ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಆ ದಿನ ಮಾಡಿದ ಮೀನಿನ ಪುಳಿಮುಂಚಿ ಬೆಕ್ಕಿನ ಪಾಲಾಯಿತು.

ಎರಡು ದಿನ ಯೋಗೀಶ ತಾಯಿಯ ಹತ್ತಿರ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನೀರುದೋಸೆ ತಿನ್ನುತ್ತ, ಬಟ್ಟಲು ನೋಡಿಕೊಂಡೇ ಹೇಳಿದ.

“ಬುಧವಾರ ಇನ್ನೊಮ್ಮೆ ಜರಡಿ ಹಿಡೀತಾರೆ. ಕಡೇ ಸಲ. ಅದರಲ್ಲಿ ಅರವತ್ತೊಂದು ಸಿಕ್ಕಿದ್ರೆ ಮುಗೀತು. ನಮ್ಮ ಹಣವೂ ಬರ್ತದೆ, ಚನಿಯನ ಮೇಲಿನ ಮಾತೂ ಹೋಗ್ತದೆ.”

“ಬೂದಿಯಲ್ಲಿ ಇಲ್ಲದ್ದು ಹೇಗೆ ಸಿಗ್ತದೆ?”

“ಬಿಲ್ಲೆಯನ್ನು ಬಚ್ಚಲೊಲೆಯಲ್ಲಿ ಕಪ್ಪು ಮಾಡ್ಬೇಕು. ಗೋಡೌನಿನ ಸುತ್ತ ಕಟ್ಟಿದ ಹಗ್ಗದ ಒಳಗೆ ನನ್ನನ್ನು ಬಿಡುದಿಲ್ಲ. ಆದ್ರೆ ಮೂಟೆ ಎಲ್ಲೆಲ್ಲಿ ಇತ್ತು ಅಂತ ಅವನಿಗೇ ಗೊತ್ತಿರುದು ಅಂತ ಬೂದಿ ಎತ್ತಿ ಹಾಕ್ಲಿಕ್ಕೆ ಚನಿಯನನ್ನೇ ಕರೀತಾರೆ. ಅವನು ಬುಟ್ಟಿಗೆ ಹಾಕಿದ್ರಾಯ್ತು. ನೀನು ಹೇಳಿದ್ರೆ ಮಾಡ್ತಾನೆ.”

ಕುಮುದಿನಿ ಸೊಸೆಯ ಮುಖ ನೋಡಿದಳು. ಮೋಕ್ಷಾ ಕಾವಲಿಗೆ ಎಣ್ಣೆ ಸವರುತ್ತಿದ್ದಳು.

“ನನ್ನನ್ನು ಎಂತಕ್ಕೆ ನೋಡ್ತೀರಿ ಮಾಮಿ? ಬಂಗಾರ ಬೇಕಾ ಅಂತ ಕೇಳಿದ್ರೆ ಬೇಕು. ಸುಳ್ಳು ಬೇಕಾ ಅಂತ ಕೇಳಿದ್ರೆ ನನಗೆ ಗೊತ್ತಿಲ್ಲ.”

ಆ ಸಂಜೆ ಸ್ನಾನದ ನೀರು ಕಾಯುವಾಗ ಕುಮುದಿನಿ ಬಿಲ್ಲೆಯನ್ನು ಇಕ್ಕಳದಲ್ಲಿ ಹಿಡಿದು ಕೆಂಡದೊಳಗೆ ಇಟ್ಟಳು. ತೆಂಗಿನ ಗರಿಯ ಹೊಗೆ ಕಣ್ಣಿಗೆ ತುಂಬಿತು. ಬಿಲ್ಲೆ ಮೊದಲು ಕೆಂಪಾಗಿ, ತಣಿದ ಮೇಲೆ ಮಸಿ ಹಿಡಿದು ಕಪ್ಪಾಯಿತು. ಗೋಡೌನಿನ ಬೂದಿಯಲ್ಲಿ ಸಿಕ್ಕಿದ ನೂರಹತ್ತೊಂಬತ್ತಕ್ಕೂ ಇದಕ್ಕೂ ಯಾರೂ ವ್ಯತ್ಯಾಸ ಹೇಳಲಾರರು. ಮೀನು ಮಾರುತ್ತಿದ್ದ ಕಾಲದ ಸೊಂಟದ ಚೀಲಕ್ಕೆ ಅದನ್ನು ಹಾಕಿ ಕಟ್ಟಿಕೊಂಡಳು.

ಮಂಗಳವಾರ ಅವಳು ಪಡೀಲಿಗೆ ಬಸ್ಸು ಹತ್ತಿದಳು. ಚನಿಯನ ಹೆಂಡತಿ ದೇಯಿ ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಎಂದಿನಂತೆ “ಬನ್ನಿ ಕುಮುದಕ್ಕ” ಎನ್ನಲಿಲ್ಲ.

“ಒಳಗಿದ್ದಾರೆ,” ಎಂದಳು. “ಮೂರು ಸಲ ಠಾಣೆಗೆ ಹೋಗಿ ಬಂದಾಯ್ತು. ಯಾರಿಗೆ ಮೂಟೆ ಕೊಟ್ಟೆ ಅಂತ ಕೇಳಿದ್ರೆ ಬಾಯಿ ಬಿಡುದಿಲ್ಲ ಇವರು. ನಿಮ್ಮ ಹೆಸರು ಹೇಳಿ ಅಂತ ನಾನು ಹೇಳಿದೆ. ಅಕ್ಕನ ಮೀನು ತಿಂದ ಬಾಯಿ ಅಂತಾರೆ. ಹೀಗೆ ಆಗ್ತದೆ ಅಂತ ಗೊತ್ತಿದ್ರೆ ಆ ಮೀನನ್ನು ನಾವು ಹಣ ಕೊಟ್ಟೇ ತೆಗೊಳ್ತಿದ್ದೆವು.”

ಚನಿಯ ಬೈರಾಸು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದ. ಹದಿನೈದು ದಿನದಲ್ಲಿ ಕೆನ್ನೆ ಒಳಗೆ ಹೋಗಿತ್ತು.

“ಹೆದರ್ಬೇಡಿ ಅಕ್ಕ, ನಾನು ಹೇಳ್ಲಿಲ್ಲ,” ಎಂದ.

“ಹೇಳ್ಬೇಕಿತ್ತು ಮಾರಾಯ.”

“ಒಂದು ಮೂಟೆ ಹೊರಗೆ ಹೋದದ್ದು ಗೊತ್ತಾದ್ರೂ ಯೋಗೀಶಣ್ಣನ ಹಣ ಹೋಗ್ತದೆ ಅಂತ ಠಾಣೆಯಲ್ಲಿ ಮಾತಾಡ್ತಿದ್ರು.”

ಅವಳು ಚೀಲದಿಂದ ಬಿಲ್ಲೆ ತೆಗೆದಳು. ನಾಳಿನ ವಿಷಯ ಹೇಗೆ ಶುರು ಮಾಡುವುದೆಂದು ಬಸ್ಸಿನಲ್ಲಿ ಯೋಚಿಸಿಕೊಂಡು ಬಂದಿದ್ದಳು. ಏನೂ ಹೇಳಬೇಕಾಗಲಿಲ್ಲ. ಕಪ್ಪಾದ ಬಿಲ್ಲೆ ನೋಡಿದ್ದೇ ಚನಿಯನಿಗೆ ಎಲ್ಲ ಅರ್ಥವಾಯಿತು. ದೇಯಿಗೂ ಅರ್ಥವಾಗಿ ತಿಕ್ಕುವ ಸದ್ದು ನಿಂತಿತು. ಸಿಕ್ಕಿಬಿದ್ದರೆ ಈ ಸಲ ಠಾಣೆಯಿಂದ ಮನೆಗೆ ಕಳಿಸುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು.

ಚನಿಯ ಹೆಂಡತಿಯ ಕಡೆ ನೋಡಲಿಲ್ಲ. ಅಂಗೈ ಬಿಡಿಸಿ ಮುಂದೆ ಚಾಚಿದ.

“ಕೊಡಿ ಅಕ್ಕ,” ಎಂದ.

ಅವನು ಬೇಡ ಎಂದಿದ್ದರೆ ಅವಳು ಒತ್ತಾಯ ಮಾಡುತ್ತಿದ್ದಳೋ ಏನೋ. ಹೆದರಿಕೆ ಎಂದಿದ್ದರೆ ಧೈರ್ಯ ಹೇಳುತ್ತಿದ್ದಳು. ಆ ಖಾಲಿ ಅಂಗೈ ನೋಡಿದಾಗ ಅವಳಿಗೆ ಶುಕ್ರವಾರ ಬೆಳಿಗ್ಗೆ ಅವನು ತಲೆ ಕೆರೆದುಕೊಂಡದ್ದು ನೆನಪಾಯಿತು. ಅವತ್ತೂ ಅವನಿಗೆ ಇಲ್ಲ ಅನ್ನಲು ಆಗಿರಲಿಲ್ಲ. ಬಿಟ್ಟಿ ಕೊಟ್ಟೆ ಎಂದುಕೊಂಡಿದ್ದ ಅಷ್ಟೂ ವರ್ಷದ ಮೀನಿನ ಬೆಲೆಯನ್ನು ಅವಳು ಒಂದೇ ಸಲಕ್ಕೆ ವಸೂಲು ಮಾಡಿದ್ದಳು. ಈಗ ಬಡ್ಡಿಗೆ ಬಂದಿದ್ದಳು.

ಬಿಲ್ಲೆಯನ್ನು ಮತ್ತೆ ಚೀಲಕ್ಕೆ ಹಾಕಿ ಗಂಟು ಬಿಗಿದಳು.

“ನಾಳೆ ನೀನು ಬೂದಿ ಎತ್ತು. ಬೇರೆ ಎಂತದೂ ಬೇಡ,” ಎಂದು ಅಂಗಳ ದಾಟಿದಳು.

ಮನೆಯಲ್ಲಿ ಯೋಗೀಶ ಕಾಯುತ್ತಿದ್ದ. “ಒಪ್ಪಿದನಾ?”

“ಒಪ್ಪಿದ. ನಾನು ಕೊಡ್ಲಿಲ್ಲ.”

“ಎಂತ?”

“ನಾಳೆ ಕಸ್ಟಮ್ಸ್ ಆಫೀಸಿಗೆ ಹೋಗಿ ನಾನು ತೆಗೆದದ್ದು ಅಂತ ಹೇಳ್ತೇನೆ.”

“ಒಂಬತ್ತು ಲಕ್ಷ ಎಂಬತ್ತು ಸಾವಿರ ಅಮ್ಮ! ಮೇಲಿಂದ ದಂಡ. ನಮ್ಮ ಮೇಲೆಯೇ ಕೇಸು ಹಾಕಿದ್ರೆ ಅಂಗಡಿಗೆ ಬೀಗ. ಚನಿಯನಿಗೆ ನಾಲ್ಕು ತಿಂಗಳು ನಾನು ಸಂಬಳ ಕೊಡ್ತೇನೆ, ಬೇರೆ ಕೆಲಸ ಹುಡುಕಿ ಕೊಡ್ತೇನೆ, ಆಯ್ತಾ? ನೀನು ಸುಮ್ನೆ ಮನೆಯಲ್ಲಿ ಕೂತ್ಕೋ.”

“ಕಳ್ಳ ಅಂತ ಹೆಸರು ಬಿದ್ದವನಿಗೆ ಯಾರು ಕಾವಲು ಕೆಲಸ ಕೊಡ್ತಾರೆ?”

“ಹಾಗಾದ್ರೆ ಹೋಗು! ನಾನು ಬರುದಿಲ್ಲ. ನೀನು ಮಾಡಿದ್ದು, ನೀನೇ ಹೇಳು.”

“ನಾನೇ ಹೇಳ್ತೇನೆ ಅಂತಲೇ ಹೇಳಿದ್ದು.”

ಮರುದಿನ ಬೆಳಿಗ್ಗೆ ಅವಳು ಸೀರೆಯುಟ್ಟು ಹೊರಟಾಗ ಬಾಗಿಲಲ್ಲಿ ಮೋಕ್ಷಾ ನಿಂತಿದ್ದಳು. ಭುಜಕ್ಕೆ ಬ್ಯಾಗು, ಕೈಯಲ್ಲಿ ಸುಂಕ ಕಟ್ಟಿದ ರಶೀದಿಯ ಫೈಲು.

“ನಿಮಗೆ ಇಂಗ್ಲಿಷ್ ಕಾಗದ ಓದ್ಲಿಕ್ಕೆ ಬರುದಿಲ್ಲ. ಎಂತದಕ್ಕಾದ್ರೂ ಸಹಿ ಹಾಕಿಸಿದ್ರೆ?” ಎಂದಳು. ಆಮೇಲೆ ಸಿಡುಕಿನಿಂದ, “ಬಂಗಾರ ಹೋಗುದಾದ್ರೆ ನಾನು ನೋಡಿಯೇ ಹೋಗ್ಲಿ.”

ಪಣಂಬೂರಿನ ಆಫೀಸಿನಲ್ಲಿ ಆ ಫೈಲು ನೋಡುತ್ತಿದ್ದವರು ಹೆಲನ್ ಮೇಡಂ. ಐವತ್ತರ ಆಸುಪಾಸಿನ ಹೆಂಗಸು. ಕನ್ನಡಕ ಹಣೆಗೆ ಏರಿಸಿ, “ಹೇಳಿ ಅಮ್ಮ,” ಎಂದರು.

ಕುಮುದಿನಿ ಬಿಲ್ಲೆಯನ್ನು ಮೇಜಿನ ಮೇಲಿಟ್ಟಳು. ಮೇಡಂ ನಂಬರ್ ನೋಡಿ ನೆಟ್ಟಗೆ ಕೂತರು.

“ಇದು ಎಲ್ಲಿ ಸಿಕ್ಕಿತು? ಬೂದಿಯಲ್ಲಿಯಾ?”

“ಗೋಡೌನಿನ ಬೆಂಕಿಯಲ್ಲಿ ಸುಟ್ಟದ್ದಲ್ಲ ಮೇಡಂ. ನನ್ನ ಬಚ್ಚಲೊಲೆಯಲ್ಲಿ ಸುಟ್ಟದ್ದು.”

ಮೋಕ್ಷಾ ಕಣ್ಣು ಮುಚ್ಚಿಕೊಂಡಳು. ಮೂಟೆ ತಂದದ್ದನ್ನು ಅತ್ತೆ ಹೇಳುತ್ತಾರೆಂದು ಅವಳಿಗೆ ಗೊತ್ತಿತ್ತು. ಬಚ್ಚಲೊಲೆಯನ್ನೂ ಹೇಳುತ್ತಾರೆಂದು ಗೊತ್ತಿರಲಿಲ್ಲ.

ಕುಮುದಿನಿ ಎಲ್ಲ ಹೇಳಿದಳು. ಸಂಕ್ರಮಣ, ದಕ್ಕೆಯ ಏಲಂ, ಚನಿಯ ಕೇಳಿದ ಗೇಟ್ ಪಾಸ್, ತಾನು ಕೊಟ್ಟ ಉತ್ತರ. ಮಗನ ಉಪಾಯ ಎಂದು ಮಾತ್ರ ಹೇಳಲಿಲ್ಲ. ಒಲೆಗೆ ಹಾಕಿದ ಕೈ ಅವಳದ್ದೇ ಆಗಿತ್ತು.

“ಮೂಟೆ ಈಗ ಎಲ್ಲುಂಟು?”

“ದೈವದ ಮುಂದೆ.”

“ಮಾರ್ಲಿಲ್ವಾ?”

“ಮಾರ್ಲಿಕ್ಕೆ ತಂದದ್ದಲ್ಲ.”

“ಈ ಬಿಲ್ಲೆಯನ್ನು ಬೂದಿಗೆ ಹಾಕಿದ್ರೆ ನಮಗೆ ಗೊತ್ತಾಗ್ತಿರ್ಲಿಲ್ಲ ಅಮ್ಮ.”

“ಅದೇ ಹೆದರಿಕೆ ಆದದ್ದು ಮೇಡಂ.”

ಹೆಲನ್ ಮೇಡಂ ನಗಲಿಲ್ಲ. ಕಾಗದ ತೆಗೆದು ಬರೆಯತೊಡಗಿದರು. ಬರೆದದ್ದನ್ನು ಮೋಕ್ಷಾ ಎರಡು ಸಲ ಓದಿ, ಅತ್ತೆಗೆ ಕನ್ನಡದಲ್ಲಿ ಹೇಳಿ, ಆಮೇಲೆ ಸಹಿ ಹಾಕಿಸಿದಳು. “ಸುಂಕದ ವಿಷಯ ನಾನು ಈಗ ಎಂತದೂ ಹೇಳ್ಲಿಕ್ಕೆ ಆಗುದಿಲ್ಲ,” ಎಂದರು ಮೇಡಂ. “ಮೇಲಿನವರು ನೋಡ್ಬೇಕು. ದಂಡ ಖಂಡಿತ ಉಂಟು. ಆ ಕಾವಲುಗಾರನ ವಿಷಯ ಠಾಣೆಗೆ ಇವತ್ತೇ ಬರೀತೇನೆ.”

ಎರಡು ದಿನ ಬಿಟ್ಟು ಮೂಟೆ ನೋಡಲು ಆಫೀಸಿನಿಂದ ಇಬ್ಬರು ಬಂದರು. ದೈವದ ಮುಂದಿನದನ್ನು ಮುಟ್ಟಲು ಬಿಡುವುದಿಲ್ಲ ಎಂದು ಬೂಬರು ಹಟ ಹಿಡಿಯುತ್ತಾರೆಂದು ಎಲ್ಲರೂ ಎಣಿಸಿದ್ದರು. ಮುದುಕರು ಒಗೆದ ಪಂಚೆ ಉಟ್ಟು, ಕೋಲು ಹಿಡಿದು, ಅವರಿಗಿಂತ ಮೊದಲೇ ಹೋಗಿ ಬೆಂಗ್ರೆಯ ದೋಣಿಯಲ್ಲಿ ಕೂತಿದ್ದರು. ಗುಡಿಯಲ್ಲಿ ತಾವೇ ಕೈಮುಗಿದು ಮೂಟೆ ಬಿಚ್ಚಿದರು.

“ಅಳೆಯಿರಿ,” ಎಂದರು. “ಬಲೆಯ ಒಂದು ಕಣ್ಣೂ ಕತ್ತರಿಸ್ಲಿಲ್ಲ. ತರ್ಲಿಕ್ಕೆ ಹೇಳಿದ್ದು ನಾನು. ಸೊಸೆಯ ಹೆಸರಿನ ಕೆಳಗೆ ನನ್ನ ಹೆಬ್ಬೆಟ್ಟೂ ಹಾಕಿಸ್ಕೊಳ್ಳಿ.”

ಆಮೇಲೆ ಕಾಯುವ ದಿನಗಳು. ಯೋಗೀಶ ಬೆಳಿಗ್ಗೆ ತಿಂಡಿ ತಿನ್ನದೆ ಅಂಗಡಿಗೆ ಹೋಗುತ್ತಿದ್ದ. ಬ್ಯಾಂಕಿನ ಬಡ್ಡಿ ಕಟ್ಟುವ ದಿನ ಎರಡು ಸಲ ಬಂದು ಹೋಯಿತು. ಮೀನಿನ ಬದಲು ಒಣಮೀನಿನ ಚಟ್ನಿ, ಕುಚ್ಚಲಕ್ಕಿ ಗಂಜಿ. ದೀಪೇಶ ಫೋನು ಮಾಡಿದರೆ ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಟ್ಟು ಯೋಗೀಶನ ಮುಖ ನೋಡುತ್ತಿದ್ದರು. ಕುಮುದಿನಿ ತಾನಾಗಿ ಏನೂ ಕೇಳುತ್ತಿರಲಿಲ್ಲ. ಕೇಳುವ ಅಧಿಕಾರ ಕಳೆದುಕೊಂಡೆ ಎಂದು ಅವಳಿಗೆ ಅನಿಸಿತ್ತು.

ಎಂಟನೆಯ ವಾರ ಆದೇಶ ಬಂತು. ಯೋಗೀಶ ಊಟಕ್ಕೆ ಬಂದವನು ಕೈ ತೊಳೆಯದೆ ನಿಂತು ಓದಿದ. ನೂರಹತ್ತೊಂಬತ್ತು ಮೂಟೆಯ ಸುಂಕ ವಾಪಸ್. ಅರವತ್ತೊಂದನೆಯ ಮೂಟೆಯದ್ದು ಇಲ್ಲ. ಬಿಡುಗಡೆಯ ಮೊದಲು ಮಾಲು ಸಾಗಿಸಿದ್ದಕ್ಕೆ ಇಪ್ಪತ್ತೈದು ಸಾವಿರ ದಂಡ.

ಮೋಕ್ಷಾ ಅಡಿಗೆಮನೆಯ ಬಾಗಿಲಿಗೆ ಒರಗಿ ಬಳೆಯಿಲ್ಲದ ಮಣಿಕಟ್ಟನ್ನು ಉಜ್ಜಿಕೊಂಡಳು.

“ಹಾಗಾದ್ರೆ ಆ ಒಂದು ದೈವದ ಲೆಕ್ಕಕ್ಕೆ,” ಎಂದರು ಬೂಬರು.

“ದೈವದ ಲೆಕ್ಕಕ್ಕೆ ಹಾಕ್ಬೇಡಿ ಮಾಮ. ನನ್ನದಕ್ಕೆ ಹಾಕಿ,” ಎಂದಳು ಕುಮುದಿನಿ. ಚೀಟಿ ಎತ್ತಿದ ಹಣದ ಕವರನ್ನು ಬೀರುವಿನಿಂದ ತಂದು ಮಗನ ಮುಂದಿಟ್ಟಳು.

ಯೋಗೀಶ ಕವರು ನೋಡಿದ, ತಾಯಿಯನ್ನು ನೋಡಿದ. “ಇನ್ನು ಮೂಟೆ ಎತ್ತುವ ಮೊದಲು ನನಗೆ ಫೋನ್ ಮಾಡು,” ಎಂದ. ಆಮೇಲೆ, “ಮೀನು ಎಂತದೂ ಇಲ್ವಾ ಇವತ್ತು?” ಎಂದು ಕೂತ.

ಮರುದಿನ ಅವಳು ದಕ್ಕೆಯಲ್ಲಿ ಬಂಗುಡೆ ಕೊಂಡು ಪಡೀಲಿಗೆ ಹೋದಳು. ಚನಿಯ ಹೊಸ ನೀಲಿ ಅಂಗಿಯಲ್ಲಿ ಕೆಲಸಕ್ಕೆ ಹೊರಟಿದ್ದ. ಠಾಣೆಯವರು ಅವನ ಹೆಸರು ಬಿಟ್ಟ ಮೇಲೆ, ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಕಾವಲಿಗೆ ಸೇರಿ ವಾರವಾಗಿತ್ತು. ಅವಳು ಪೊಟ್ಟಣ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ. ಜೇಬಿಗೆ ಕೈ ಹಾಕಿದ.

“ಎಷ್ಟಾಯ್ತು ಅಕ್ಕ?”

‘ಬಿಡು ಮಾರಾಯ’ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಕುಮುದಿನಿ ಅದನ್ನು ನುಂಗಿಕೊಂಡಳು.

“ಇನ್ನೂರು.”

“ಇನ್ನೂರಾ!” ದೇಯಿ ಒಳಗಿನಿಂದ ಹೊರಗೆ ಬಂದು ಪೊಟ್ಟಣ ಬಿಚ್ಚಿದಳು. ಒಂದು ಬಂಗುಡೆಯ ಕಿವಿರು ಎತ್ತಿ ನೋಡಿದಳು. “ಇಷ್ಟು ಸಣ್ಣದಕ್ಕಾ? ನೂರೈವತ್ತಕ್ಕಿಂತ ಒಂದು ರೂಪಾಯಿ ಜಾಸ್ತಿ ಇಲ್ಲ.”

“ದಕ್ಕೆಯಲ್ಲಿ ನೂರ ಅರವತ್ತು ಕೊಟ್ಟು ತಂದಿದ್ದೇನೆ ಮಾರಾಯ್ತಿ! ಬಸ್ಸಿನ ಹಣ ನಿನ್ನ ಅಪ್ಪ ಕೊಡ್ತಾನಾ?”

“ಹಾಗಾದ್ರೆ ನೂರೆಂಬತ್ತು.”

“ತೆಗೊ.”

ಚನಿಯ ಎರಡು ನೂರರ ನೋಟು ಕೊಟ್ಟ. ಕುಮುದಿನಿ ಸೊಂಟದ ಚೀಲದ ಗಂಟು ಬಿಚ್ಚಿ, ಇಪ್ಪತ್ತು ರೂಪಾಯಿ ಚಿಲ್ಲರೆ ಎಣಿಸಿ ದೇಯಿಯ ಕೈಗೆ ಹಾಕಿದಳು. ದೇಯಿ ಅದನ್ನು ಮತ್ತೊಮ್ಮೆ ಎಣಿಸಿಕೊಂಡು, “ಬನ್ನಿ ಕುಮುದಕ್ಕ, ಚಹಾ ಕುಡಿದು ಹೋಗಿ,” ಎಂದಳು.